ಅರ್ಧಕ್ಕೆ ನಿಂತ ವಾಕ್ಯ, ನಾಲ್ಕನೇ ಕ್ಲಾಸಿನಲ್ಲಿ

ನಾನು ಕೊಡಗಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಎರಡನ್ನೂ ಕಲಿಸುತ್ತೇನೆ. ಮೂರನೇ ಕ್ಲಾಸಿನವರೆಗಿನ ನಲಿ-ಕಲಿ (ಚಟುವಟಿಕೆಗಳ ಮೂಲಕ ಕಲಿಯುವ ಪದ್ಧತಿ) ಮುಗಿಸಿ ನಾಲ್ಕನೇ ಕ್ಲಾಸಿಗೆ ಬಂದ ಮಕ್ಕಳು ಸ್ವಂತವಾಗಿ ಅರ್ಧ ಪುಟ ಬರೆಯಲು ಶುರು ಮಾಡುತ್ತಾರೆ. ವಾಕ್ಯಗಳು ಅರ್ಧಕ್ಕೆ ನಿಲ್ಲುವುದೂ ಆಗಲೇ.

ಒಬ್ಬಳ ಪುಸ್ತಕದಲ್ಲಿ ಹೀಗಿತ್ತು: "ನಿನ್ನೆ ಅಜ್ಜನ ಜೊತೆ ತೋಟಕ್ಕೆ ಹೋಗಿ. ಅಲ್ಲಿ ಆನೆ ಲದ್ದಿ ನೋಡಿ. ತುಂಬಾ ಹೆದರಿಕೆ ಆದ್ದರಿಂದ. ನಾವು ಓಡಿ ಬಂದೆವು."

ಇದೇ ಕಥೆಯನ್ನು ಬಾಯಲ್ಲಿ ಹೇಳು ಅಂದರೆ ಅವಳು ಎಲ್ಲೂ ತಡವರಿಸುವುದಿಲ್ಲ. ಎದುರಿಗೆ ಕೂತವರು "ಹೂಂ, ಆಮೇಲೆ?" ಅನ್ನುತ್ತಿರುತ್ತಾರೆ, ಮಾತು ತಾನಾಗಿ ಮುಂದೆ ಹೋಗುತ್ತದೆ. ಬರೆಯುವಾಗ ಹೂಂಗುಡುವವರು ಯಾರೂ ಇಲ್ಲ. ಯೋಚನೆ ನಿಂತಲ್ಲಿ, ಕೆಲವೊಮ್ಮೆ ಪುಸ್ತಕದ ಗೆರೆ ಮುಗಿದಲ್ಲಿ, ಚುಕ್ಕಿ ಬೀಳುತ್ತದೆ.

ಕರ್ತೃ, ಕರ್ಮ, ಕ್ರಿಯಾಪದ ಇದ್ದರೆ ವಾಕ್ಯ ಅಂತ ಹೇಳಿಕೊಟ್ಟುಬಿಟ್ಟರೆ ಇದು ಸರಿಹೋಗುವುದಿಲ್ಲ. "ನಮ್ಮ ಊರು ಪೊನ್ನಂಪೇಟೆ." ಕ್ರಿಯಾಪದವೇ ಇಲ್ಲ, ಆದರೂ ಪೂರ್ತಿ ವಾಕ್ಯ. "ಬರುತ್ತೇನೆ." ಒಂದೇ ಪದ, ಬರುವುದು ನಾನು ಅಂತ ಅದರೊಳಗೇ ಇದೆ. ಇಂಗ್ಲಿಷ್ ಪೀರಿಯಡ್‌ನಲ್ಲಿ ಹೀಗೆ ನಡೆಯುವುದಿಲ್ಲ, ಅಲ್ಲಿ 'ಐ' ಬೇಕು, 'ಈಸ್' ಬೇಕು. ಅಲ್ಲಿನ ನಿಯಮವನ್ನು ಹಾಗೇ ತಂದು ಕನ್ನಡಕ್ಕೆ ಹಾಕಿದರೆ ಸರಿ ಬರೆದ ಮಕ್ಕಳೂ ಗಾಬರಿಯಾಗುತ್ತಾರೆ.

ಕನ್ನಡದಲ್ಲಿ ತೊಂದರೆ ಜಾಸ್ತಿ ಬರುವುದು ಅಪೂರ್ಣ ಕ್ರಿಯಾಪದದಲ್ಲಿ. ಹೋಗಿ, ತಿಂದು, ಬಂದರೆ, ಬಂದಾಗ, ಆದ್ದರಿಂದ. ಹಾಗಂತ ಇವುಗಳ ಪಟ್ಟಿ ಬರೆದು ಗೋಡೆಗೆ ಅಂಟಿಸುವುದು ನನಗೆ ಇಷ್ಟವಿಲ್ಲ. ಘಾಟ್ ರಸ್ತೆಯಲ್ಲಿ "ನಿಧಾನವಾಗಿ ಚಲಿಸಿ" ಅಂತ ಬೋರ್ಡು ಇರುತ್ತಲ್ವಾ? 'ಹೋಗಿ'ಯ ಹಾಗೇ ಕೊನೆಯಾದರೂ ಅದು ಪೂರ್ತಿ ವಾಕ್ಯವೇ. "ಅಣ್ಣ ಪೇಟೆಗೆ ಹೋದ" ಅಂದರೆ ಮುಗಿಯಿತು, "ಪೇಟೆಗೆ ಹೋದ ಅಣ್ಣ" ಅಂದರೆ ಮುಗಿಯಲಿಲ್ಲ. ಅದೇ 'ಹೋದ'. ಬರೀ ಪದದ ಕೊನೆ ನೋಡಿ ತೀರ್ಮಾನ ಮಾಡಲು ಆಗುವುದಿಲ್ಲ, ಕಿವಿ ಕೊಟ್ಟು ಕೇಳಬೇಕು.

ಅದಕ್ಕೆ ಒಂದು ಅಭ್ಯಾಸ ಮಾಡಿಸುತ್ತೇನೆ. ಮಗು ಎದ್ದು ನಿಂತು ಚುಕ್ಕಿವರೆಗೆ ಓದಿ ಸುಮ್ನೆ ಕೂತುಬಿಡಬೇಕು. ಉಳಿದವರು "ಆಯ್ತು" ಅಥವಾ "ಇನ್ನೂ ಇದೆ" ಅನ್ನಬೇಕು. "ತುಂಬಾ ಹೆದರಿಕೆ ಆದ್ದರಿಂದ" ಅಂತ ಓದಿ ಕೂತರೆ ಇಡೀ ಕ್ಲಾಸು "ಇನ್ನೂ ಇದೆ!" ಅಂತ ಕೂಗುತ್ತದೆ. ಓದಿದವಳಿಗೂ ಗೊತ್ತಾಗುತ್ತದೆ, ಏಕೆಂದರೆ ಅವಳ ಸ್ವರ ಅಲ್ಲಿ ಇಳಿದೇ ಇರುವುದಿಲ್ಲ.

ನಮ್ಮಲ್ಲಿ ಮನೆಮಾತು ಹಲವು. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಕಾಫಿ ತೋಟದ ಕೆಲಸಗಾರರ ಲೈನ್ ಮನೆಗಳಿಂದ ಬರುವ ಮಕ್ಕಳದ್ದು ಇನ್ನೂ ಬೇರೆ. ಮನೆಯಲ್ಲಿ ಕನ್ನಡ ಇಲ್ಲದ್ದಕ್ಕೇ ಹೀಗೆ ಬರೆಯುತ್ತಾರೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಈ ನಾಲ್ಕರಲ್ಲೂ ಕ್ರಿಯಾಪದ ಕನ್ನಡದ ಹಾಗೇ ಕೊನೆಗೇ ಬರುತ್ತದೆ. "ಮನೇಲಿ ಹೇಗೆ ಹೇಳ್ತೀಯೋ ಹಾಗೇ ಮೊದಲು ಹೇಳು ಮಗಾ" ಅಂದರೆ ಮಗು ಮಾತನ್ನು ಪೂರ್ತಿ ಮಾಡಿಯೇ ಹೇಳುತ್ತದೆ. ಆ ಕಿವಿ ಕನ್ನಡಕ್ಕೂ ಸಾಕು.

ತಿದ್ದುವುದು ಆಮೇಲಿನ ಕೆಲಸ. ನಾನು ಕೆಂಪು ಶಾಯಿಯಲ್ಲಿ ಸರಿ ವಾಕ್ಯ ಬರೆದುಕೊಡುವುದಿಲ್ಲ. ಚುಕ್ಕಿಯ ಹಿಂದಿನ ಪದಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದು ಪುಸ್ತಕ ವಾಪಸ್ ಕೊಡುತ್ತೇನೆ. ಆ ಪದವನ್ನೇ ಮುಗಿಸಬಹುದು, ಇಲ್ಲ ಚುಕ್ಕಿ ಅಳಿಸಿ ಪಕ್ಕದ ಸಾಲಿಗೆ ಸೇರಿಸಬಹುದು. ಆನೆ ಲದ್ದಿಯ ಹುಡುಗಿ ಎರಡನ್ನೂ ಮಾಡಿದಳು: "ನಿನ್ನೆ ಅಜ್ಜನ ಜೊತೆ ತೋಟಕ್ಕೆ ಹೋದೆ. ಅಲ್ಲಿ ಆನೆ ಲದ್ದಿ ನೋಡಿ ತುಂಬಾ ಹೆದರಿಕೆ ಆದ್ದರಿಂದ ನಾವು ಓಡಿ ಬಂದೆವು." ಎಲ್ಲಿ ಮುಗಿಸಬೇಕು, ಎಲ್ಲಿ ಸೇರಿಸಬೇಕು ಅಂತ ಅವಳೇ ಆರಿಸಿದ್ದು. ನನಗೆ ಬಹಳ ಖುಷಿ ಕೊಟ್ಟಿದ್ದು ಅದು.

ಪ್ರಶ್ನೋತ್ತರದ ಬಗ್ಗೆಯೂ ಒಂದು ಮಾತು. "ಶಾಲೆಗೆ ಏಕೆ ರಜೆ ಕೊಟ್ಟರು?" "ಜೋರು ಮಳೆ ಬಂದದ್ದರಿಂದ." ಬಾಯಲ್ಲಿ ಈ ಉತ್ತರ ಸರಿಯೇ, ಉಳಿದರ್ಧ ಪ್ರಶ್ನೆಯಲ್ಲಿದೆ. ಇದನ್ನು ತಪ್ಪು ಅನ್ನಬೇಡಿ. ಪ್ರಶ್ನೆಯನ್ನು ಕೈಯಿಂದ ಮುಚ್ಚಿ ಉತ್ತರ ಮಾತ್ರ ಓದಿಸಿ. "ಜೋರು ಮಳೆ ಬಂದದ್ದರಿಂದ ಶಾಲೆಗೆ ರಜೆ ಕೊಟ್ಟರು" ಅಂತ ಮಕ್ಕಳೇ ಸೇರಿಸುತ್ತಾರೆ.

ಈಗ ಕೆಲವರಿಗೆ ಸೇರಿಸುವ ಹುಮ್ಮಸ್ಸು ಹೆಚ್ಚಾಗಿದೆ. ಎದ್ದು, ಹಲ್ಲುಜ್ಜಿ, ಅಕ್ಕಿರೊಟ್ಟಿ ತಿಂದು, ಬಸ್ಸು ಹತ್ತಿ, ಶಾಲೆಗೆ ಬಂದು, ಆಟ ಆಡಿ, ಹೀಗೆ ಪುಟದ ಕೊನೆವರೆಗೆ ಒಂದೇ ವಾಕ್ಯ. ಅವರನ್ನೂ ಎದ್ದು ನಿಂತು ಒಂದೇ ಉಸಿರಿಗೆ ಓದಲು ಹೇಳುತ್ತೇನೆ. ಉಸಿರು ಕಟ್ಟಿದಲ್ಲಿ ಪೆನ್ಸಿಲು ತಾವೇ ತೆಗೆದುಕೊಳ್ಳುತ್ತಾರೆ.