ಬರೀ ಮಾರ್ಕ್ವೆಜ್ ಅಂದರೆ ಸಾಲದೇ?

ನಾನು ಸ್ಪ್ಯಾನಿಷ್ ಕಲಿಸುತ್ತೇನೆ ಅಂತ ಗೊತ್ತಾದ ಕೂಡಲೇ ಓದುವ ಹವ್ಯಾಸ ಇರುವವರು ಕೇಳುವ ಮೊದಲ ಪ್ರಶ್ನೆ ಇದು: "ಎಲ್ಲರೂ ಮಾರ್ಕ್ವೆಜ್ ಅಂತಾರೆ, ನೀವೊಬ್ಬರೇ ಯಾಕ್ರೀ ಗಾರ್ಸಿಯಾ ಮಾರ್ಕೆಸ್ ಅಂತ ಉದ್ದಕ್ಕೆ ಎಳೀತೀರಿ? ಗಾರ್ಸಿಯಾ ಅನ್ನೋದು ಮಿಡ್ಲ್ ನೇಮ್ ಅಲ್ವಾ?"

ಅಲ್ಲ. ಕೊಲಂಬಿಯಾದ ಕಾದಂಬರಿಕಾರ ಗಾಬ್ರಿಯೆಲ್ ಗಾರ್ಸಿಯಾ ಮಾರ್ಕೆಸ್ ಅವರಿಗೆ ಮಿಡ್ಲ್ ನೇಮ್ ಬೇರೆಯೇ ಇತ್ತು, ಹೋಸೆ ಅಂತ. ಗಾರ್ಸಿಯಾ ಅಪ್ಪನಿಂದ ಬಂದ ಅಡ್ಡಹೆಸರು (ಸರ್‌ನೇಮ್), ಮಾರ್ಕೆಸ್ ಅಮ್ಮನಿಂದ ಬಂದ ಅಡ್ಡಹೆಸರು. ಸ್ಪೇನ್‌ನಲ್ಲೂ ಸ್ಪ್ಯಾನಿಷ್ ಆಡುವ ಲ್ಯಾಟಿನ್ ಅಮೆರಿಕದ ಬಹುತೇಕ ದೇಶಗಳಲ್ಲೂ ಹುಟ್ಟಿದ ಮಗುವಿಗೆ ಎರಡು ಅಡ್ಡಹೆಸರು, ಮೊದಲು ಅಪ್ಪನದು, ಆಮೇಲೆ ಅಮ್ಮನದು. ಒಂದನ್ನು ಬಿಟ್ಟೇ ಹೇಳುತ್ತೇನೆ ಅಂತ ಹಟ ಹಿಡಿದರೆ ಬಿಡಬೇಕಾದದ್ದು ಎರಡನೆಯದನ್ನು. ನಾವು ಸರಿಯಾಗಿ ಉಲ್ಟಾ ಮಾಡಿದ್ದೇವೆ.

ಈಗ ಈ ಎರಡು ಹೆಸರುಗಳ ಒಳಗೇನಿದೆ ನೋಡೋಣ. ಮಾರ್ಕೆಸ್ ಸುಲಭ. ಮಾರ್ಕೋಸ್ ಅನ್ನುವವನ ಮಗ ಮಾರ್ಕೆಸ್. ಪೆದ್ರೋನ ಮಗ ಪೆರೆಸ್, ಸಾಂಚೋನ ಮಗ ಸಾಂಚೆಸ್, ಗೊನ್ಸಾಲೋನ ಮಗ ಗೊನ್ಸಾಲೆಸ್. ಕೊನೆಯ 'ಎಸ್' ಅಂದರೆ ಇಂಥವನ ಮಗ. (ಸ್ಪೇನಿನ ಬಹುಭಾಗದಲ್ಲಿ ಇದನ್ನು ನಾಲಿಗೆ ಹಲ್ಲಿಗೆ ತಾಗಿಸಿ 'ಎಥ್' ಅನ್ನುತ್ತಾರೆ. 'ಕ್ವೆಜ್' ಅಂತ ಮಾತ್ರ ಎಲ್ಲೂ ಇಲ್ಲ.) ಮೋಟೊಜಿಪಿ ಬೈಕ್ ರೇಸ್ ನೋಡುವವರಿಗೆ ಮಾರ್ಕ್ ಮಾರ್ಕೆಸ್ ಗೊತ್ತಿರುತ್ತಾನೆ. ಆ ಹೆಸರನ್ನು ಬಿಡಿಸಿದರೆ ಮಾರ್ಕನ ಮಗ ಮಾರ್ಕ.

ಹಿಂದೆ ಈ 'ಎಸ್' ನಮ್ಮ ಇನಿಷಿಯಲ್ ಇದ್ದ ಹಾಗೆ ತಲೆಮಾರಿಗೊಮ್ಮೆ ಬದಲಾಗುತ್ತಿತ್ತು. 1099ರಲ್ಲಿ ವಲೆನ್ಸಿಯಾದಲ್ಲಿ ತೀರಿಕೊಂಡ ಎಲ್ ಸಿದ್ ಎಂಬ ಪ್ರಸಿದ್ಧ ಯೋಧನ ನಿಜವಾದ ಹೆಸರು ರೊದ್ರಿಗೋ ದಿಯಾಸ್, ಅಂದರೆ ದಿಯೇಗೋನ ಮಗ. ಅವನ ಅಪ್ಪ ದಿಯೇಗೋ ಲಾಯಿನೆಸ್, ಲಾಯಿನ್‌ನ ಮಗ. ಎಲ್ ಸಿದ್‌ನ ಮಗ ದಿಯೇಗೋ ರೊದ್ರಿಗೆಸ್. ಒಂದೇ ಮನೆ, ಮೂರು ತಲೆಮಾರು, ಮೂರು ಅಡ್ಡಹೆಸರು. ಮೈಸೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಮುಂದೆ ಯಾವುದೋ ತಲೆಮಾರಿನಲ್ಲಿ ಹೆಸರು ಅಲ್ಲಿಗೇ ನಿಂತುಬಿಟ್ಟಿತು. ಅಪ್ಪನ ಹೆಸರು ಏನೇ ಇದ್ದರೂ ಪೆರೆಸ್‌ನ ಮಗ ಪೆರೆಸ್ಸೇ ಆದ. ಪೋರ್ಚುಗೀಸರಲ್ಲೂ ಇದೇ ಪ್ರತ್ಯಯ ಇದೆ, ಬರೆಯುವ ಕೊನೆಯ ಅಕ್ಷರ ಮಾತ್ರ ಬೇರೆ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರ ಹೆಸರಿನ ತುದಿಯಲ್ಲಿ ಕೂತಿರುವುದು ಅದೇ. ಫರ್ನಾಂಡೋನ ಮಗ ಫರ್ನಾಂಡಿಸ್.

ಗಾರ್ಸಿಯಾ ಇಷ್ಟು ಸುಲಭವಲ್ಲ. ಅದರಲ್ಲಿ 'ಎಸ್' ಇಲ್ಲ. ಮೂಲತಃ ಅದು ಗಂಡಸರಿಗೆ ಇಡುತ್ತಿದ್ದ ಹೆಸರು. ಮಧ್ಯಯುಗದ ನವಾರಾ ರಾಜ್ಯದಲ್ಲಿ ಗಾರ್ಸಿಯಾ ಹೆಸರಿನ ರಾಜರು ಒಬ್ಬರ ಹಿಂದೊಬ್ಬರು ಬರುತ್ತಾರೆ. ಅದರ ಬೇರು ಬಾಸ್ಕ್ ಭಾಷೆಯಲ್ಲಿದೆ ಎಂಬುದು ಹೆಚ್ಚಿನವರ ಅಭಿಪ್ರಾಯ. ಕರಡಿ ಎಂಬ ಅರ್ಥದ ಪದದಿಂದ ಬಂತು ಅಂತ ಕೆಲವರು, ಎಳೆಯ ಎಂಬ ಅರ್ಥದ ಪದದಿಂದ ಬಂತು ಅಂತ ಇನ್ನು ಕೆಲವರು. ನನಗೆ ಕರಡಿಯೇ ಇಷ್ಟ, ಕಾರಣ ಕೇಳಬೇಡಿ. ಇವತ್ತು ಸ್ಪೇನ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಜನಕ್ಕಿರುವ ಅಡ್ಡಹೆಸರು ಇದು. ಮೊದಲ ಅಡ್ಡಹೆಸರು ಗಾರ್ಸಿಯಾ ಇರುವವರೇ 14 ಲಕ್ಷಕ್ಕೂ ಹೆಚ್ಚು. ಅಪ್ಪನೂ ಗಾರ್ಸಿಯಾ, ಅಮ್ಮನೂ ಗಾರ್ಸಿಯಾ ಆಗಿ 'ಗಾರ್ಸಿಯಾ ಗಾರ್ಸಿಯಾ' ಆದವರು 70 ಸಾವಿರ ದಾಟುತ್ತಾರೆ. ಸೋದರ ಸಂಬಂಧದ ಮದುವೆ ಅಂದುಕೊಳ್ಳಬೇಡಿ. ಹೆಸರು ಅಷ್ಟು ಸವೆದಿದೆ, ಅಷ್ಟೇ.

ಹೀಗೆ ಸವೆದ ಹೆಸರಿನವರಿಗೆ ಎರಡನೆಯದು ಆಸರೆ. 2004ರಿಂದ 2011ರವರೆಗೆ ಸ್ಪೇನಿನ ಪ್ರಧಾನಿಯಾಗಿದ್ದವರು ಹೋಸೆ ಲೂಯಿಸ್ ರೊದ್ರಿಗೆಸ್ ಸಪಾತೆರೋ. ಸಂಸತ್ತಿನಲ್ಲಿ ರೊದ್ರಿಗೆಸ್ ಅಂತ ಕೂಗಿದರೆ ಎಷ್ಟು ಜನ ತಿರುಗಿ ನೋಡುತ್ತಿದ್ದರೋ! ಹಾಗಾಗಿ ಎಲ್ಲರ ಬಾಯಲ್ಲೂ ಅವರು ಸಪಾತೆರೋ. ಅಂದರೆ ಚಪ್ಪಲಿ ಹೊಲಿಯುವವನು. ನಮ್ಮ ಧಾರವಾಡದ ಕಡೆ ಕಂಬಾರ, ಬಡಿಗೇರ ಇದ್ದ ಹಾಗೆ. ಕವಿ ಗಾರ್ಸಿಯಾ ಲೋರ್ಕಾ ಕೂಡ ಲೋಕಕ್ಕೆಲ್ಲ ಬರೀ ಲೋರ್ಕಾ. 1881ರಲ್ಲಿ ಮಾಲಗಾದಲ್ಲಿ ಹುಟ್ಟಿದ ಪಾಬ್ಲೋ ರೂಯಿಸ್ ಪಿಕಾಸೋ ಅಪ್ಪನ ರೂಯಿಸ್ ಅನ್ನು ಕ್ಯಾನ್ವಾಸಿನಿಂದಲೇ ಕಿತ್ತುಹಾಕಿ ಅಮ್ಮನ ಹೆಸರಲ್ಲಿ ಸಹಿ ಮಾಡತೊಡಗಿದ.

ಇಲ್ಲಿ ನನ್ನ ವಾದದಲ್ಲೊಂದು ತೂತಿದೆ, ಚುರುಕಿನವರು ಹಿಡಿದೂ ಹಿಡಿದಿದ್ದಾರೆ. "ಲೋರ್ಕಾ ಆಗತ್ತೆ, ಸಪಾತೆರೋ ಆಗತ್ತೆ, ಮಾರ್ಕೆಸ್ ಯಾಕಾಗಲ್ಲ?" ವ್ಯಾಕರಣದ ಉತ್ತರ ಇಲ್ಲ, ರೂಢಿಯದು ಇದೆ. ಆ ಭಾಷೆಯವರು ಅವರನ್ನು ಹಾಗೆ ಕರೆಯುವುದಿಲ್ಲ. ಒಂದೋ ಗಾರ್ಸಿಯಾ ಮಾರ್ಕೆಸ್, ಇಲ್ಲವೇ ಸಲಿಗೆಯಿಂದ ಗಾಬೋ.

ಆದರೆ ಈ ಹೆಸರಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಬೇರೆ. ಆ ಗಾರ್ಸಿಯಾ ಅಪ್ಪನ ಅಪ್ಪನಿಂದ ಬಂದದ್ದೇ ಅಲ್ಲ. ಲೇಖಕರ ತಂದೆ ಗಾಬ್ರಿಯೆಲ್ ಎಲಿಹಿಯೋ ಮದುವೆಯಾಗದ ತಾಯಿಯ ಮಗ. ಅವರನ್ನು ಹುಟ್ಟಿಸಿದವನ ಅಡ್ಡಹೆಸರು ಮಾರ್ತಿನೆಸ್, ತಾಯಿ ಅರ್ಹೆಮೀರಾ ಗಾರ್ಸಿಯಾ. ಹಾಗಾಗಿ ಮಗನಿಗೆ ತಾಯಿಯ ಗಾರ್ಸಿಯಾ ಬಂತು. ಎಲ್ಲ ಪದ್ಧತಿಯಂತೆ ನಡೆದಿದ್ದರೆ 1982ರಲ್ಲಿ ನೊಬೆಲ್ ಪಡೆದವರು ಗಾಬ್ರಿಯೆಲ್ ಮಾರ್ತಿನೆಸ್ ಮಾರ್ಕೆಸ್ ಆಗಿರುತ್ತಿದ್ದರು. ಇನ್ನು ಅಮ್ಮನ ಕಡೆಯ ಮಾರ್ಕೆಸ್? ಅದು ಅರಕತಾಕದಲ್ಲಿ ಅವರನ್ನು ಎತ್ತಿ ಆಡಿಸಿದ ತಾತ, ಕರ್ನಲ್ ನಿಕೋಲಾಸ್ ಮಾರ್ಕೆಸ್ ಅವರದು. ಅಜ್ಜಿಯ ಹೆಸರು ಅಪ್ಪನ ಜಾಗದಲ್ಲಿ, ತಾತನ ಹೆಸರು ಅಮ್ಮನ ಜಾಗದಲ್ಲಿ!

ಇದಕ್ಕೇ ನಾನು ಈ ಪದ್ಧತಿಯನ್ನು ಪೂರ್ತಿ ಹೊಗಳಲಾರೆ. "ನೋಡಿ, ಅಲ್ಲಿ ತಾಯಿಯ ಹೆಸರಿಗೂ ಎಷ್ಟು ಮರ್ಯಾದೆ" ಅನ್ನುವವರಿದ್ದಾರೆ. ಅರ್ಧ ನಿಜ. ಮದುವೆಯಾದ ಹೆಣ್ಣುಮಗಳು ಹೆಸರು ಬದಲಿಸಬೇಕಿಲ್ಲ. ಲೇಖಕರ ಹೆಂಡತಿ ಮೆರ್ಸೆದೆಸ್ ಕೊನೆಯವರೆಗೂ ಬಾರ್ಚಾ ಆಗಿಯೇ ಉಳಿದರು. ಆದರೆ ಅಮ್ಮನ ಅಡ್ಡಹೆಸರು ಅಂದರೆ ಸಾಮಾನ್ಯವಾಗಿ ಅಮ್ಮನ ಅಪ್ಪನ ಅಡ್ಡಹೆಸರು, ಅದೂ ಮೊಮ್ಮಕ್ಕಳ ಹೊತ್ತಿಗೆ ಉದುರಿಹೋಗುತ್ತದೆ. ಗಾರ್ಸಿಯಾ ಮಾರ್ಕೆಸ್ ಅವರ ಗಂಡುಮಕ್ಕಳು ರೊದ್ರಿಗೋ, ಗೊನ್ಸಾಲೋ ಇಬ್ಬರೂ ಗಾರ್ಸಿಯಾ ಬಾರ್ಚಾ. ನಾವು ಇಷ್ಟು ಪ್ರೀತಿಯಿಂದ ಜಪಿಸುವ ಮಾರ್ಕೆಸ್ ಆ ಮಕ್ಕಳ ಹೆಸರಲ್ಲೇ ಇಲ್ಲ.

ಉದುರಬಾರದು ಅಂತ ಇದ್ದವರು ಎರಡನ್ನೂ ಸೇರಿಸಿ ಒಂದೇ ಹೆಸರು ಮಾಡಿಕೊಂಡರು. 1981ರಲ್ಲಿ ಸ್ಪೇನಿನ ಪ್ರಧಾನಿಯಾದ ಲಿಯೋಪೋಲ್ದೋ ಕಾಲ್ವೋ-ಸೊತೆಲೋ ಅವರ ನಡುವಿನ ಅಡ್ಡಗೆರೆ ಅದಕ್ಕೇ ಇರುವುದು. ಅದಾದ ಮೇಲೆ ಬುಸ್ತೆಲೋ ಅಂತ ಅಮ್ಮನದು ಬೇರೆ. ಇನ್ನೂ ಮೇಲಿನವರಿಗೆ ಬೇರೆ ದಾರಿಯಿತ್ತು. ಸರ್ವಾಧಿಕಾರಿ ಫ್ರಾಂಕೋಗೆ ಇದ್ದವಳು ಒಬ್ಬಳೇ ಮಗಳು. 1954ರಲ್ಲಿ ಮೊದಲ ಮೊಮ್ಮಗ ಹುಟ್ಟಿದಾಗ ಅಡ್ಡಹೆಸರುಗಳ ಕ್ರಮವನ್ನೇ ತಿರುಗಿಸಿ ಫ್ರಾಂಕೋ ಮೊದಲು ಬರುವಂತೆ ಮಾಡಿದರು. ಉಳಿದ ಪ್ರಜೆಗಳಿಗೆ ಕ್ರಮ ಆರಿಸಿಕೊಳ್ಳುವ ಅವಕಾಶ ಸಿಕ್ಕಿದ್ದು 1999ರ ಕಾನೂನಿನಿಂದ. 2017ರಿಂದೀಚೆಗೆ ಅಪ್ಪನದೇ ಮೊದಲು ಎಂಬ ತಾನಾಗಿ ಬರುವ ಪಟ್ಟವೂ ಹೋಗಿದೆ. ಯಾವುದು ಮೊದಲು ಎಂದು ಅಪ್ಪ ಅಮ್ಮ ಇಬ್ಬರೂ ಒಪ್ಪಿ ಹೇಳಬೇಕು.

ಬಾರ್ಸಿಲೋನಾದಲ್ಲಿರುವ ನನ್ನ ಗೆಳೆಯನೊಬ್ಬ ಅರಸೀಕೆರೆಯವನು, ಅವನಿಗೆ ಅಡ್ಡಹೆಸರೇ ಇಲ್ಲ. ಮೊದಲ ವರ್ಷ ಯಾವುದೋ ಕಚೇರಿಯ ಅರ್ಜಿಯಲ್ಲಿ ಮೊದಲ ಅಡ್ಡಹೆಸರು, ಎರಡನೇ ಅಡ್ಡಹೆಸರು ಅಂತ ಎರಡು ಖಾನೆ. ಒಂದರಲ್ಲಿ ಅಪ್ಪನ ಹೆಸರು ಬರೆದ, ಇನ್ನೊಂದರಲ್ಲಿ ಊರು ಬರೆದ. ಆ ದಿನದಿಂದ ಆ ಕಚೇರಿಯ ಕಾಗದಪತ್ರಗಳ ಪ್ರಕಾರ ಅವನ ತಾಯಿ ಅರಸೀಕೆರೆ ಮನೆತನದವರು.

ನಮ್ಮ ಬಡಾವಣೆಯ ಪುಟ್ಟ ಲೈಬ್ರರಿಯಲ್ಲಿ ಲೇಖಕರ ಅಡ್ಡಹೆಸರಿನ ಅಕಾರಾದಿಯಲ್ಲಿ ಪುಸ್ತಕ ಜೋಡಿಸುತ್ತಾರೆ. ಹೋದ ಶನಿವಾರವೂ ಗಾಬೋನ ಮೂರು ಪುಸ್ತಕ 'ಮ' ಸಾಲಿನಿಂದ ತೆಗೆದು 'ಗ' ಸಾಲಿಗೆ ಇಟ್ಟು ಬಂದೆ. ಲೈಬ್ರರಿ ನೋಡಿಕೊಳ್ಳುವ ಅಕ್ಕ ಕನ್ನಡಕದ ಮೇಲಿಂದ ನೋಡಿ, "ಇಡಿ ಸಾರ್, ನೀವು ಆ ಕಡೆ ಹೋದ ಮೇಲೆ ಮತ್ತೆ ಇಲ್ಲಿಗೇ ತರ್ತೀನಿ, ಇಲ್ಲಾಂದ್ರೆ ಯಾರಿಗೂ ಸಿಗಲ್ಲ" ಅಂದರು.