ಅಪ್ಪನ ಮೀನೆಣ್ಣೆ ಮಾತ್ರೆ

ಭಾನುವಾರ, 12 ಜನವರಿ 2025

ಅಪ್ಪ ಮೀನು ಮುಟ್ಟುವವರಲ್ಲ. ಆದರೆ ಮೀನೆಣ್ಣೆ ಮಾತ್ರೆ ದಿನಾ ತಪ್ಪದೆ ನುಂಗುತ್ತಾರೆ. ಔಷಧಿಗೆ ಮಡಿ ಇಲ್ಲವಂತೆ! ಇವತ್ತು ತಿಂಡಿ ಹೊತ್ತಿಗೆ ಡಬ್ಬಿ ಅಲ್ಲಾಡಿಸುತ್ತಾ ಕೇಳಿದರು: "ಆ ಹಿಮದ ಸೀಮೆಯವರು ಇದರಿಂದಲೇ ನೂರು ವರ್ಷ ಬದುಕ್ತಿದ್ರಂತೆ, ಹೌದೇನೋ?"

ಇಲ್ಲ. 1970ರ ದಶಕದಲ್ಲಿ ಬಾಂಗ್, ಡೈಯರ್‌ಬರ್ಗ್ ಎಂಬ ಡೆನ್ಮಾರ್ಕಿನ ಇಬ್ಬರು ವಿಜ್ಞಾನಿಗಳು ಗ್ರೀನ್‌ಲ್ಯಾಂಡಿನ ಉಮ್ಮನ್ನಾಕ್ ಕಡೆ ಹೋಗಿ ಇನುಯಿಟ್ ಜನರ, ಅಂದರೆ ಆ ಹಿಮದ ಸೀಮೆಯ ಮೂಲನಿವಾಸಿಗಳ, ರಕ್ತ ಪರೀಕ್ಷಿಸಿದರು. ಮೀನೆಣ್ಣೆ ಹೃದಯಕ್ಕೆ ಒಳ್ಳೇದು ಅನ್ನೋ ಮಾತು ಹಬ್ಬಿದ್ದು ಅಲ್ಲಿಂದಲೇ. ಸೀಲ್, ತಿಮಿಂಗಿಲ, ಮೀನು ತಿನ್ನುವವರ ರಕ್ತದಲ್ಲಿ ಕೊಬ್ಬಿನ ಲೆಕ್ಕವೇ ಬೇರೆ ಇತ್ತು. ಆದರೆ ಇನುಯಿಟ್ ಜನರಿಗೆ ಹೃದಯದ ಕಾಯಿಲೆ ಕಡಿಮೆ ಅನ್ನೋದನ್ನು ಅವರು ತಾವಾಗಿ ಅಳೆಯಲಿಲ್ಲ. ಸಾವಿನ ದಾಖಲೆ ನಂಬಿದರು. ದೂರದ ಹಳ್ಳಿಯಲ್ಲಿ ಸತ್ತವರನ್ನು ಡಾಕ್ಟರು ನೋಡುತ್ತಿದ್ದದ್ದೇ ಅಪರೂಪ.

ಅದೇ ಉಮ್ಮನ್ನಾಕ್ ಹತ್ತಿರ, ಕಿಲಕಿಟ್ಸೋಕ್‌ನಲ್ಲಿ, 1972ರಲ್ಲಿ ಬೇಟೆಗೆ ಹೋದ ಅಣ್ಣತಮ್ಮಂದಿರಿಗೆ ಕಲ್ಲಿನ ಗುಪ್ಪೆಯಡಿ ಎಂಟು ಹೆಣ ಸಿಕ್ಕವು. ಚಳಿಗೆ ಒಣಗಿ ಹಾಗೇ ಉಳಿದಿದ್ದವು. 1475ರ ಆಸುಪಾಸಿನವು. ಆರು ಹೆಂಗಸರು, ನಾಲ್ಕು ವರ್ಷದ ಹುಡುಗ, ಆರು ತಿಂಗಳ ಕೂಸು. ಕೂಸಿನ ಫೋಟೋ ನೋಡಿದೆ. ತುಪ್ಪಳದ ಕುಲಾವಿಯೊಳಗೆ ಪುಟ್ಟ ಮುಖ, ಗೊಂಬೆ ಅನ್ನಬೇಕು. ತುಂಬಾ ಹೊತ್ತು ನೋಡೋಕಾಗಲಿಲ್ಲ.

ಹೆಂಗಸರಲ್ಲಿ ಕೆಲವರು 50ರ ಹತ್ತಿರ ಮುಟ್ಟಿದ್ದರು. ಶ್ವಾಸಕೋಶದಲ್ಲಿ ಮಸಿ ಸಿಕ್ಕಿದೆ. ಸೀಲಿನ ಕೊಬ್ಬು ಉರಿಸುವ ಕಲ್ಲಿನ ದೀಪವೇ ಅವರಿಗೆ ಒಲೆ, ಬೆಳಕು, ಬೆಚ್ಚಗಿನ ಮೂಲೆ ಎಲ್ಲಾ. ನಮ್ಮಜ್ಜಿಯ ಅಡುಗೆಮನೆ ಜಂತೆ ಕಪ್ಪಗಾಗಿದ್ದು ನೆನಪಾಯಿತು. ಅವಳೂ ಬೆಳಗಾದರೆ ಕೆಮ್ಮುತ್ತಿದ್ದಳು.

ಸರಾಸರಿ ಆಯಸ್ಸು ಅನ್ನೋದೊಂದು ತಮಾಷೆ ಲೆಕ್ಕ. ಒಂದು ಮಗು ಹುಟ್ಟಿದ ವಾರಕ್ಕೇ ಹೋಯಿತು, ಇನ್ನೊಂದು 70 ಬದುಕಿತು ಅಂದರೆ ಸರಾಸರಿ 35. ಹಾಗಂತ 35ಕ್ಕೆ ಯಾರೂ ಸತ್ತಿಲ್ಲ ಅಲ್ವಾ? ಹಳೇ ಬೇಟೆಗಾರರ ಊರುಗಳಲ್ಲಿ ಮುದುಕರಿದ್ದರು. ಬಾಣಂತಿತನ, ಹಸಿವು, ಒಡೆಯುವ ಮಂಜುಗಡ್ಡೆ ದಾಟಿಕೊಂಡು ಬಂದವರು.

ಆಮೇಲೆ ಹೊರಗಿನಿಂದ ಕ್ಷಯ ಬಂತು. ಕೆನಡಾದಲ್ಲೂ ಇನುಯಿಟ್ ಜನರಿದ್ದಾರೆ; ಅಲ್ಲಿ 1950ರ ದಶಕದಲ್ಲಿ ಅವರ ರೋಗಿಗಳನ್ನು ಹಡಗಿಗೆ ಹತ್ತಿಸಿ ದಕ್ಷಿಣದ ಆಸ್ಪತ್ರೆಗಳಿಗೆ ಒಯ್ದರು. ಎಷ್ಟೋ ಜನ ವಾಪಸ್ ಬರಲೇ ಇಲ್ಲ, ಗೋರಿ ಎಲ್ಲಿದೆ ಅಂತಲೂ ಮನೆಯವರಿಗೆ ತಿಳಿಯಲಿಲ್ಲ. ಇವತ್ತಿಗೂ ಅಲ್ಲಿನ ಇನುಯಿಟ್ ಆಯಸ್ಸು ಉಳಿದವರಿಗಿಂತ ಸುಮಾರು ಹತ್ತು ವರ್ಷ ಕಡಿಮೆ.

ಇಷ್ಟು ಹೇಳಿದ ಮೇಲೆ ಅಪ್ಪ ಸುಮ್ನೆ ಬೆರಳು ಮಡಚಿ ಎಣಿಸಿದರು. "ನಿಮ್ಮಜ್ಜಿ ಹೆತ್ತದ್ದು ಎಂಟು. ಉಳಿದವರು ನಾವು ಐದು. ಇಬ್ಬರಿಗೆ ಹೆಸರೇ ಇಟ್ಟಿರಲಿಲ್ಲ ಕಣೋ."

ಮಾತ್ರೆ ಮಾತ್ರ ನುಂಗಿದರು.