ಲೇಸನ್ ದ್ವೀಪದ ಹಕ್ಕಿಗೆ ಡಬ್ಬಿಂಗ್

ಸೀರಿಯಲ್ಲುಗಳಿಗೆ ಸೌಂಡ್ ಎಡಿಟಿಂಗ್ ಮಾಡೋ ನಮ್ಮಂಥವರಿಗೆ ಹಕ್ಕಿ ಅಂದರೆ ಬೆಳಗಿನ ಜಾವ, ಅಷ್ಟೇ. "ಬೆಳಗಾಗಿದೆ ಅಂತ ಗೊತ್ತಾಗ್ಬೇಕು ಸಾರ್, ಎರಡು ಹಕ್ಕಿ ಹಾಕಿ" ಅಂತಾರೆ ಡೈರೆಕ್ಟರು. ಯಾವ ಹಕ್ಕಿ ಅಂತ ಯಾರೂ ಕೇಳಲ್ಲ. ಕಾಸು ಕೊಟ್ಟು ತಂದ ಸೌಂಡ್ ಲೈಬ್ರರಿಯಲ್ಲಿ ಮೊದಲು ಸಿಕ್ಕಿದ್ದನ್ನು ಎಳೆದು ಟೈಮ್‌ಲೈನ್ ಮೇಲೆ ಇಡುತ್ತಾರೆ. ಹೀಗಾಗಿ ಮದ್ದೂರಿನ ಕಬ್ಬಿನ ಗದ್ದೆಯಲ್ಲಿ ಅಮೆರಿಕದ ರಾಬಿನ್ ಹಾಡುತ್ತೆ. ನೋಡುವವರಿಗೆ ತೊಂದರೆ ಇಲ್ಲ, ನನಗೆ ಮೈ ಉರಿಯುತ್ತೆ. ಅದಕ್ಕೇ ರಜೆ ಸಿಕ್ಕಾಗ ಹೆಬ್ಬಾಳದ ಕಡೆ, ಹೆಸರಘಟ್ಟದ ಕಡೆ ರೆಕಾರ್ಡರ್ ಹಿಡಿದು ಹೋಗಿ ನನ್ನದೇ ಹಕ್ಕಿಗಳನ್ನು ಕೂಡಿಹಾಕಿಕೊಂಡಿದ್ದೇನೆ.

ಬೆಂಗಳೂರಿನ ಚಳಿಗಾಲದ ಯಾವ ಟ್ರ್ಯಾಕ್ ತೆಗೆದರೂ ಅದರಲ್ಲಿ ಒಂದು "ಟಕ್... ಟಕ್" ಇರುತ್ತದೆ. ಪೊದೆಯೊಳಗಿಂದ ಬರುತ್ತೆ, ಹಕ್ಕಿ ಮಾತ್ರ ಕಾಣಲ್ಲ. ಮೊದಮೊದಲು ಕೇಬಲ್ ಲೂಸ್ ಇದೆಯೇನೋ ಅನ್ನಿಸುವಂಥ ಸದ್ದು. ಅದು ಬ್ಲೈತ್ಸ್ ರೀಡ್ ವಾರ್ಬ್ಲರ್. ಉತ್ತರದ ದೇಶಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ನಮ್ಮಲ್ಲಿಗೆ ಬರುವ ಮಣ್ಣುಬಣ್ಣದ ಪುಟ್ಟ ಉಲಿಯಕ್ಕಿ. ಅದರ ಬಳಗವನ್ನು ಹುಡುಕಿಕೊಂಡು ಹೋದಾಗಲೇ ಪೆಸಿಫಿಕ್ ಸಾಗರದ ನಡುವೆ ಇದ್ದ ಒಂದು ದಾಯಾದಿ ಸಿಕ್ಕಿತು: ಲೇಸನ್ ಮಿಲ್ಲರ್‌ಬರ್ಡ್, ವೈಜ್ಞಾನಿಕ ಹೆಸರು ಆಕ್ರೊಸೆಫಲಸ್ ಫೆಮಿಲಿಯಾರಿಸ್ ಫೆಮಿಲಿಯಾರಿಸ್. ಈಗ ಇಲ್ಲ.

ಲೇಸನ್ ಅಂದರೆ ಹವಾಯಿಯ ಹೊನೊಲುಲುವಿನಿಂದ ವಾಯವ್ಯಕ್ಕೆ ಸುಮಾರು 1,500 ಕಿಲೋಮೀಟರ್ ದೂರದ ಮರಳಿನ ದ್ವೀಪ. ನಮ್ಮ ಲಾಲ್‌ಬಾಗ್ 240 ಎಕರೆ. ಲೇಸನ್ ಅಂಥ ನಾಲ್ಕು ಸೇರಿದರೆ ಆಗುವಷ್ಟು. ಇಂಗ್ಲೆಂಡಿನ ಶ್ರೀಮಂತ ಬ್ಯಾಂಕರ್ ಮನೆತನದ ವಾಲ್ಟರ್ ರಾತ್‌ಚೈಲ್ಡ್‌ಗೆ ಹಕ್ಕಿಗಳ ಚರ್ಮ ಕೂಡಿಡುವ ಹುಚ್ಚು. ಆತ ಕಳಿಸಿದ ಹೆನ್ರಿ ಪಾಮರ್ 1891ರಲ್ಲಿ ಲೇಸನ್‌ನಲ್ಲಿ ಈ ಹಕ್ಕಿಯನ್ನು ಹೊಡೆದು ತಂದ. 1892ರಲ್ಲಿ ರಾತ್‌ಚೈಲ್ಡ್ ಹೆಸರಿಟ್ಟ. ಮಿಲ್ಲರ್ ಎಂಬ ಪತಂಗಗಳನ್ನು ಹಿಡಿದು ತಿನ್ನುತ್ತಿತ್ತು, ಮನುಷ್ಯರನ್ನು ಕಂಡರೆ ಹೆದರುತ್ತಿರಲಿಲ್ಲ, ಹುಲ್ಲಿನ ಗುಪ್ಪೆಯಲ್ಲಿ ಗೂಡು ಕಟ್ಟಿ ಒಳಗೆ ಆಲ್ಬಟ್ರಾಸ್ ಎಂಬ ಕಡಲಹಕ್ಕಿಯ ಗರಿ ಹಾಸುತ್ತಿತ್ತು. ಇಷ್ಟೆಲ್ಲ ಬರೆದಿಟ್ಟಿದ್ದಾರೆ. ಚರ್ಮಗಳಿವೆ, ಅಳತೆಗಳಿವೆ. ಹಾಡುಹಕ್ಕಿ ಅನ್ನೋದೂ ಇದೆ. ಹಾಡು ಮಾತ್ರ ಇಲ್ಲ.

ಯಂತ್ರ ಇರಲಿಲ್ಲ ಅನ್ನುವಂತೆಯೂ ಇಲ್ಲ ನೋಡಿ. ಪಾಮರ್ ಲೇಸನ್‌ಗೆ ಕಾಲಿಡುವ ಎರಡು ವರ್ಷ ಮೊದಲೇ, 1889ರಲ್ಲಿ, ಜರ್ಮನಿಯ ಲುಡ್ವಿಗ್ ಕೋಖ್ ಎಂಬ ಹುಡುಗ ಎಡಿಸನ್‌ನ ಮೇಣದ ಸಿಲಿಂಡರಿನಲ್ಲಿ ಪಂಜರದ ಹಕ್ಕಿಯೊಂದರ ದನಿ ಹಿಡಿದಿದ್ದ. ಅದು ಶಾಮ, ನಮ್ಮ ಮಲೆನಾಡಿನಲ್ಲೂ ಹಾಡುವ ಜಾತಿ. ಆದರೆ ಬಯಲಲ್ಲಿ ಹಾರಾಡುವ ಹಕ್ಕಿಯ ದನಿ ಹಿಡಿಯೋದು ಬೇರೆ ಮಾತು. ಅಮೆರಿಕದಲ್ಲಿ ಅದು ಶುರುವಾಗಿದ್ದು 1929ರ ಮೇ ತಿಂಗಳಲ್ಲಿ. ಕಾರ್ನೆಲ್ ವಿಶ್ವವಿದ್ಯಾಲಯದ ಆರ್ಥರ್ ಆಲನ್ ಇಥಾಕಾದ ಪಾರ್ಕಿನಲ್ಲಿ ಅದನ್ನು ಮಾಡಿದ್ದು ಸಿನಿಮಾದವರ ಮೂವಿಟೋನ್ ಉಪಕರಣದಿಂದ. (ನಮ್ಮ ಕಸುಬಿನವರಿಗೆ ಇದು ಹೆಮ್ಮೆಯ ವಿಷಯ. ಕನ್ನಡ ಸಿನಿಮಾ ಮಾತಾಡಲು ಇನ್ನೂ ಐದು ವರ್ಷ ಬೇಕಿತ್ತು.) ಅಷ್ಟೊತ್ತಿಗೆ ಮಿಲ್ಲರ್‌ಬರ್ಡ್ ಕಥೆ ಮುಗಿದಿತ್ತು.

ಮುಗಿಸಿದ್ದು ಮೊಲ. ಲೇಸನ್‌ನಲ್ಲಿ ಹಕ್ಕಿ ಹಿಕ್ಕೆಯ ಗೊಬ್ಬರ ಅಗೆಸುತ್ತಿದ್ದ ಮ್ಯಾಕ್ಸ್ ಶ್ಲೆಮ್ಮರ್ ಮಾಂಸದ ವ್ಯಾಪಾರ ಮಾಡೋಣ ಅಂತ 1903ರಲ್ಲಿ ಮೊಲ ತಂದು ಬಿಟ್ಟ. ಹಿಡಿದು ತಿನ್ನುವ ಪ್ರಾಣಿ ಅಲ್ಲಿ ಯಾವುದೂ ಇರಲಿಲ್ಲ. 1909ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಲೇಸನ್ ಸೇರಿದಂತೆ ಆ ಸಾಲಿನ ದ್ವೀಪಗಳನ್ನು ಹಕ್ಕಿಗಳ ಕಾಯ್ದಿಟ್ಟ ಜಾಗ ಎಂದು ಘೋಷಿಸಿದರು. ಆದೇಶ ಗರಿಗಾಗಿ ಹಕ್ಕಿ ಕೊಲ್ಲುತ್ತಿದ್ದವರಿಗೆ ತಲುಪಿತೇ ಹೊರತು ಮೊಲಗಳಿಗೆ ತಲುಪಲಿಲ್ಲ. ಆಮೇಲೆ ಒಂದು ತಂಡ ಹೋಗಿ ಸಾವಿರಾರು ಮೊಲ ಕೊಂದರೂ ಪೂರ್ತಿ ಮುಗಿಸಲಾಗಲಿಲ್ಲ. ಹುಳ ತಿನ್ನುವ ಹಕ್ಕಿಗೂ ಹುಲ್ಲು ತಿನ್ನುವ ಮೊಲಕ್ಕೂ ಏನು ಜಗಳ ಅನ್ನಬಹುದು. ಹುಲ್ಲು ಹೋದರೆ ಗೂಡಿಲ್ಲ, ಗಿಡ ಹೋದರೆ ಕಂಬಳಿಹುಳ ಇಲ್ಲ, ಕಂಬಳಿಹುಳ ಇಲ್ಲದಿದ್ದರೆ ಪತಂಗ ಎಲ್ಲಿಂದ ಬರಬೇಕು? 1923ರಲ್ಲಿ ಟ್ಯಾನಜರ್ ಎಂಬ ನೌಕೆಯಲ್ಲಿ ಅಲೆಕ್ಸಾಂಡರ್ ವೆಟ್ಮೋರ್ ತಂಡ ಹೋದಾಗ ದ್ವೀಪ ಬರೀ ಮರಳು. ಉಳಿದ ಮೊಲಗಳನ್ನು ಅವರೇ ಮುಗಿಸಿದರು. ಮಿಲ್ಲರ್‌ಬರ್ಡ್ ಒಂದೂ ಕಾಣಲಿಲ್ಲ.

ಇನ್ನೊಂದು ಹಕ್ಕಿ, ಕೆಂಪು ಬಣ್ಣದ ಲೇಸನ್ ಹನಿಕ್ರೀಪರ್, ಮೂರೇ ಮೂರು ಉಳಿದಿತ್ತು. ತಂಡದ ಡೊನಾಲ್ಡ್ ಡಿಕಿ ಅದರಲ್ಲೊಂದು ಹಾಡುತ್ತಿರುವುದನ್ನು ಫಿಲ್ಮ್‌ನಲ್ಲಿ ಹಿಡಿದ. ಸ್ವಲ್ಪ ದಿನಕ್ಕೇ ಮರಳಿನ ಬಿರುಗಾಳಿ ಎದ್ದು ಮೂರೂ ಹೋದವು. ಫಿಲ್ಮ್ ಉಳಿಯಿತು. ಕೊಕ್ಕು ತೆರೆದಿದೆ, ಹಾಡುತ್ತಿದೆ, ಆದರೆ ಅದು ಮೂಕಿ ಕಾಲ. ಇಪ್ಪತ್ತು ವರ್ಷ ಬಾಯಿಗೆ ದನಿ ಕೂರಿಸಿದವನು ನಾನು. ಲಿಪ್ ಸಿಂಕ್ ಮಾಡಲಾಗದ ರೀಲು ಇದೊಂದೇ ಅನ್ನಿಸಿದೆ.

ವಿಚಿತ್ರ ಏನೆಂದರೆ, ಅದೇ ಯಾತ್ರೆಯಲ್ಲಿ ಅವರು ನಿಹೋವಾ ಎಂಬ ಬಂಡೆಯ ದ್ವೀಪಕ್ಕೂ ಹೋದರು. ಅದು ಲಾಲ್‌ಬಾಗ್‌ಗಿಂತಲೂ ಚಿಕ್ಕದು, ಸುಮಾರು 170 ಎಕರೆ. ಅಲ್ಲಿ ಮಿಲ್ಲರ್‌ಬರ್ಡ್ ಸಿಕ್ಕಿತು! ಅದುವರೆಗೆ ಅಲ್ಲಿದೆ ಅಂತ ವಿಜ್ಞಾನಿಗಳಿಗೆ ಗೊತ್ತೇ ಇರಲಿಲ್ಲ. ನೌಕೆಯ ಕ್ಯಾಪ್ಟನ್ ಸ್ಯಾಮ್ಯುಯೆಲ್ ವೈಲ್ಡರ್ ಕಿಂಗ್ ಹೆಸರಲ್ಲಿ ವೆಟ್ಮೋರ್ ಅದನ್ನು ಕಿಂಗೈ ಎಂದು ಕರೆದರು. ಈಗ ಎರಡನ್ನೂ ಒಂದೇ ಪ್ರಭೇದದ ಎರಡು ಉಪಪ್ರಭೇದ ಎಂದು ಲೆಕ್ಕ ಹಿಡಿಯುತ್ತಾರೆ. ಮ್ಯೂಸಿಯಂಗಳ ಹಳೇ ಚರ್ಮಗಳಿಂದ ಡಿಎನ್‌ಎ ತೆಗೆದು ಹೋಲಿಸಿಯೂ ನೋಡಿದ್ದಾರೆ. ಹೊಡೆದು ತಂದವರನ್ನು ಬೈಯುವಾಗ ನಾನು ಇದನ್ನೂ ನೆನೆಸಿಕೊಳ್ಳುತ್ತೇನೆ. ಹಕ್ಕಿಯನ್ನು ಮುಗಿಸಿದ್ದು ಬಂದೂಕಲ್ಲ. ಆ ಚರ್ಮಗಳಿಲ್ಲದಿದ್ದರೆ ಹೋಲಿಸಲು ಏನೂ ಇರುತ್ತಿರಲಿಲ್ಲ.

2011ರಲ್ಲಿ ನಿಹೋವಾದಿಂದ 24 ಹಕ್ಕಿಗಳನ್ನು ಹಿಡಿದು, ಹಡಗಿನಲ್ಲಿ ಸುಮಾರು 1,000 ಕಿಲೋಮೀಟರ್ ಸಾಗಿಸಿ, ಲೇಸನ್‌ನಲ್ಲಿ ಬಿಟ್ಟರು. ಮರುವರ್ಷ ಇನ್ನೂ 26. ದ್ವೀಪದಲ್ಲಿ ಹುಲ್ಲು, ಪೊದೆ ಮತ್ತೆ ಬೆಳೆದಿತ್ತು. ಹಕ್ಕಿಗಳು ಗೂಡು ಕಟ್ಟಿ ಮರಿ ಮಾಡಿ ನೂರರ ಗಡಿ ದಾಟಿದವು. ಮುಖ್ಯ ಉದ್ದೇಶ ನಿಹೋವಾ ಹಕ್ಕಿಗೆ ಎರಡನೇ ನೆಲೆ ಮಾಡಿಕೊಡುವುದು: ಇರುವುದು ಒಂದೇ ಬಂಡೆಯ ಮೇಲಾದರೆ ಒಂದು ಬರ, ಒಂದು ಬೆಂಕಿ ಸಾಕು.

ನನ್ನ ಪಕ್ಕದ ಸೀಟಿನ ಹುಡುಗನಿಗೆ ಇದನ್ನೆಲ್ಲ ಹೇಳಿದೆ. "ಹಾಗಾದ್ರೆ ಮುಗೀತಲ್ಲ ಸಾರ್, ಲೇಸನ್ ಹಕ್ಕಿ ವಾಪಸ್ ಬಂತು" ಅಂದ. ಇಲ್ಲ ಕಣೋ ಅಂದೆ. ಪಾತ್ರಧಾರಿ ತೀರಿಕೊಂಡಾಗ ದನಿ ಹೊಂದುವ ಇನ್ನೊಬ್ಬರನ್ನು ಕರೆಸಿ ಡಬ್ ಮಾಡಿಸ್ತೀವಲ್ಲ, ಹಾಗೆ ಇದು. ಸಿನಿಮಾ ರಿಲೀಸ್ ಆಗಲೇಬೇಕು, ಅದರಲ್ಲಿ ತಪ್ಪಿಲ್ಲ. ದ್ವೀಪಕ್ಕೆ ಹುಳ ತಿನ್ನುವ ಹಕ್ಕಿ ಬೇಕಿತ್ತು, ನಿಹೋವಾ ಹಕ್ಕಿಗೆ ಜಾಗ ಬೇಕಿತ್ತು. ನನ್ನ ಪ್ರಕಾರ ಒಳ್ಳೇ ಕೆಲಸ. ಆದರೆ ಟೈಟಲ್ ಕಾರ್ಡಿನಲ್ಲಿ ಯಾರ ದನಿ ಅಂತ ಹಾಕಬೇಕು. ವಿಜ್ಞಾನಿಗಳು ಹಾಕಿದ್ದಾರೆ: ಫೆಮಿಲಿಯಾರಿಸ್ ಉಪಪ್ರಭೇದದ ಮುಂದೆ "ನಿರ್ನಾಮ" ಅಂತಲೇ ಇದೆ, ಲೇಸನ್‌ನಲ್ಲಿ ಈಗ ಹಾಡುತ್ತಿರುವುದು ಕಿಂಗೈ.

"ಯಾರಾದ್ರೂ 1900ರ ಲೇಸನ್ ಬಗ್ಗೆ ಡಾಕ್ಯುಮೆಂಟರಿ ತಂದ್ರೆ ಏನು ಹಾಕ್ತೀರಿ?" ಅಂತ ಕೇಳಿದ ಅವನು. ಒಳ್ಳೇ ಪ್ರಶ್ನೆ. ಅಲೆ ಹಾಕ್ತೀನಿ, ಗಾಳಿ ಹಾಕ್ತೀನಿ, ಆಲ್ಬಟ್ರಾಸ್‌ಗಳ ಕೊಕ್ಕು ಬಡಿತ ಧಾರಾಳವಾಗಿ. ಮಿಲ್ಲರ್‌ಬರ್ಡ್ ಹಾಕಲ್ಲ, ಪ್ರೊಡ್ಯೂಸರ್ ಎಷ್ಟೇ ಕೂಗಾಡಲಿ. ಹಾಡೇ ಬೇಕು ಅಂದರೆ ಲೇಸನ್ ಫಿಂಚ್ ಇದೆ. ಅದು ಅಲ್ಲಿಯದೇ ಹಕ್ಕಿ, ಮೊಲಗಳ ಕಾಲವನ್ನೂ ದಾಟಿ ಇವತ್ತಿಗೂ ಇದೆ. ಬೀಜ, ಹುಳ, ಬೇರೆ ಹಕ್ಕಿಗಳ ಮೊಟ್ಟೆ, ಏನು ಸಿಕ್ಕರೂ ತಿನ್ನುತ್ತೆ.